ಚಿಟ್ಟೆಯ ವಿಳಾಸ ಬಳ್ಳಿಯಲ್ಲಿದೆ

ಮಳೆಗಾಲದ ಆರ್ಭಟ ತಗ್ಗಿ, ಅಡಿಕೆ ಕೊಯಿಲು ಇನ್ನೂ ಬಿರುಸಾಗದ ದಿನಗಳಲ್ಲಿ ಹೊಸನಗರ ತಾಲ್ಲೂಕಿನ ನಗರಕ್ಕೆ ಹೋದವರು ಸಾಮಾನ್ಯವಾಗಿ ನೋಡಿ ಬರುವುದು ಅಲ್ಲಿನ ಕೋಟೆಯನ್ನು. ಕೆಳದಿ ಅರಸರ ರಾಜಧಾನಿಯಾಗಿದ್ದ ಬಿದನೂರು ಅದು. 1763ರಲ್ಲಿ ಹೈದರಾಲಿಯ ವಶವಾಗಿ ಹೈದರನಗರವಾಯಿತು. ಕಡೆಗೆ ಬರೀ ನಗರವಾಗಿ ಉಳಿಯಿತು. ಆದರೆ ಅದೇ ದಿನಗಳಲ್ಲಿ ಕೋಟೆಯತ್ತ ಬೆನ್ನು ಹಾಕಿ, ಬೇಲಿಯ ಸಂದಿಯಲ್ಲೋ ಹಳ್ಳದ ಒದ್ದೆ ಮರಳಿನ ಬಳಿಯಲ್ಲೋ ಕ್ಯಾಮೆರಾ ಹಿಡಿದು ಮಂಡಿಯೂರಿ ಕೂರುವವರೂ ಇದ್ದಾರೆ. ಅವರು ಕಾಯುವುದು ಚಿಟ್ಟೆಗಾಗಿ.

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳು ಈ ಹವ್ಯಾಸಕ್ಕೆ ಹೇಳಿ ಮಾಡಿಸಿದ ಸೀಮೆ. ಭಾರತದಲ್ಲಿರುವ ಸುಮಾರು 1,300 ಜಾತಿಯ ಚಿಟ್ಟೆಗಳಲ್ಲಿ 330ಕ್ಕೂ ಹೆಚ್ಚು ಪಶ್ಚಿಮ ಘಟ್ಟಗಳಲ್ಲಿವೆ. ಅವುಗಳ ಪೈಕಿ ಯಾರ ಕಣ್ಣಿಗೂ ತಪ್ಪದಂಥದು ಸದರ್ನ್ ಬರ್ಡ್‌ವಿಂಗ್. ಅಡಿಕೆ ಮರಗಳ ತಲೆಯ ಮಟ್ಟದಲ್ಲಿ ಹಕ್ಕಿಯಂತೆ ತೇಲಿ ಬರುವ, ಕಪ್ಪು ಮುಂರೆಕ್ಕೆ, ಹಳದಿ ಹಿಂರೆಕ್ಕೆಯ ಈ ಚಿಟ್ಟೆಯನ್ನು 2016ರಲ್ಲಿ ಕರ್ನಾಟಕದ ರಾಜ್ಯ ಚಿಟ್ಟೆಯಾಗಿ ಆರಿಸಲಾಯಿತು. 1932ರಲ್ಲಿ ಇವಾನ್ಸ್ ಎಂಬ ಸೇನಾಧಿಕಾರಿ ದಾಖಲಿಸಿದ 190 ಮಿಲಿಮೀಟರ್ ಅಗಲದ ಮಾದರಿಯಿಂದಾಗಿ ದೇಶದ ಅತಿ ದೊಡ್ಡ ಚಿಟ್ಟೆ ಎಂಬ ಬಿರುದು ಬಹುಕಾಲ ಇದರದಾಗಿತ್ತು. 2020ರಲ್ಲಿ ಹಿಮಾಲಯದ ಗೋಲ್ಡನ್ ಬರ್ಡ್‌ವಿಂಗ್ 194 ಮಿಲಿಮೀಟರ್ ತೂಗಿ ಅದನ್ನು ಕಸಿದುಕೊಂಡಿತು.

ಫೋಟೊ ತೆಗೆದದ್ದಾಯಿತು, ಪುಸ್ತಕ ತಿರುವಿ ಹೆಸರು ಹುಡುಕಿದ್ದಾಯಿತು. ಅಲ್ಲಿಗೆ ಚಿಟ್ಟೆಯ ಗುರುತು ಸಿಕ್ಕಂತಾಯಿತೇ? ಈ ಪ್ರಶ್ನೆಗೆ ಶತಮಾನಕ್ಕೂ ಹಿಂದೆ, ನಗರ ಸೀಮೆಯ ನೆರೆಯಲ್ಲೇ ಮೂವರು ಹವ್ಯಾಸಿಗಳು ಉತ್ತರ ಹುಡುಕಿದ್ದರು.

ಶರಾವತಿ ಘಟ್ಟವಿಳಿದು ಸೇರುವ ಉತ್ತರ ಕನ್ನಡ ಜಿಲ್ಲೆ 1862ರಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಘಟ್ಟದ ಮೇಲಿನ ಸಾಗರ, ನಗರ, ತೀರ್ಥಹಳ್ಳಿಗಳು ಮೈಸೂರು ಸಂಸ್ಥಾನದವು. ಆಡಳಿತದ ಈ ಗಡಿ ಚಿಟ್ಟೆಗಳಿಗೆ ಲೆಕ್ಕಕ್ಕಿಲ್ಲ. ಎರಡೂ ಕಡೆ ಒಂದೇ ಸಹ್ಯಾದ್ರಿಯ ಕಾಡು. ಕಾರವಾರದಲ್ಲಿ ಆಗ ಜೇಮ್ಸ್ ಡೇವಿಡ್‌ಸನ್ ಜಿಲ್ಲಾ ಕಲೆಕ್ಟರ್. ಥಾಮಸ್ ರೀಡ್ ಬೆಲ್ ಅರಣ್ಯಾಧಿಕಾರಿ. ಎಡ್ವರ್ಡ್ ಹ್ಯಾಮಿಲ್ಟನ್ ಏಟ್ಕೆನ್ ಉಪ್ಪು ಮತ್ತು ಸುಂಕದ ಇಲಾಖೆಯವರು. 1883ರಲ್ಲಿ ಹುಟ್ಟಿದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸ್ಥಾಪಕರಲ್ಲಿ ಒಬ್ಬರು. ಮೂವರಿಗೂ ಕಚೇರಿಯ ಕೆಲಸ ಬೇರೆ, ಬಿಡುವಿನ ಕೆಲಸ ಒಂದೇ. ಅವರು ಕೂಡಿ ಬರೆದ ಉತ್ತರ ಕನ್ನಡ ಜಿಲ್ಲೆಯ ಚಿಟ್ಟೆಗಳ ಲೇಖನಮಾಲೆ 1896ರಿಂದ ಆ ಸೊಸೈಟಿಯ ಪತ್ರಿಕೆಯಲ್ಲಿ ಕಂತುಕಂತಾಗಿ ಪ್ರಕಟವಾಯಿತು.

ಆ ಕಾಲದಲ್ಲಿ ಚಿಟ್ಟೆಯ ಹವ್ಯಾಸವೆಂದರೆ ಬಲೆ ಬೀಸಿ ಹಿಡಿಯುವುದು, ಸೂಜಿ ಚುಚ್ಚಿ ಪೆಟ್ಟಿಗೆಯಲ್ಲಿ ಹರಡುವುದು. ಈ ಮೂವರು ಅಷ್ಟಕ್ಕೇ ನಿಲ್ಲಲಿಲ್ಲ. ಗಿಡಗಳ ಎಲೆ ಮಗುಚಿ ಮೊಟ್ಟೆ ಹುಡುಕಿದರು. ಹುಳುಗಳನ್ನು ತಂದು, ಅವು ತಿನ್ನುವ ಸೊಪ್ಪನ್ನೇ ಹಾಕಿ ಸಾಕಿದರು. ಹುಳು ಕೋಶವಾಗಿ, ಕೋಶ ಒಡೆದು ಯಾವ ಚಿಟ್ಟೆ ಹೊರಬರುತ್ತದೆಂದು ಕಾದು ನೋಡಿದರು. ಯಾವ ಚಿಟ್ಟೆಯ ಹುಳು ಯಾವ ಗಿಡವನ್ನು ತಿನ್ನುತ್ತದೆಂದು ಬರೆದಿಟ್ಟರು. ಬೆಲ್ ಅವರಂತೂ ನಿವೃತ್ತಿಯ ಬಳಿಕವೂ ಊರಿಗೆ ಮರಳದೆ ಕಾರವಾರದಲ್ಲೇ ನೆಲೆಸಿ, 1948ರಲ್ಲಿ ಅಲ್ಲಿಯೇ ತೀರಿಕೊಂಡರು.

ಹುಳು ಸಾಕುವ ಈ ತಾಳ್ಮೆ ಏಕೆ ಬೇಕು ಎಂಬುದನ್ನು ಗದ್ದೆಯ ಒಂದು ಚಿಟ್ಟೆಯೇ ಹೇಳುತ್ತದೆ. ಮುಸ್ಸಂಜೆಯಲ್ಲಿ ದೀಪದ ಬಳಿ ಬರುವ ಕಂದು ಬಣ್ಣದ ಕಾಮನ್ ಈವ್ನಿಂಗ್ ಬ್ರೌನ್ ಚಿಟ್ಟೆಯ ಹುಳು ಭತ್ತದ ಗರಿಯನ್ನೂ ತಿನ್ನುತ್ತದೆ. ಮಳೆಗಾಲದಲ್ಲಿ ಹುಟ್ಟಿದ ಚಿಟ್ಟೆಯ ರೆಕ್ಕೆಯ ಅಡಿಯಲ್ಲಿ ಸಾಲಾಗಿ ಕಣ್ಣಿನಂಥ ಚುಕ್ಕೆಗಳು. ಬೇಸಿಗೆಯಲ್ಲಿ ಹುಟ್ಟಿದ್ದು ಥೇಟು ತರಗೆಲೆ. ಎರಡು ಫೋಟೊ ಪಕ್ಕಪಕ್ಕ ಇಟ್ಟರೆ ಎರಡು ಜಾತಿಯೆಂದೇ ಹೇಳಬೇಕು. ಒಂದೇ ತಾಯಿಯ ಸಂತತಿ ಋತುವಿಗೆ ತಕ್ಕಂತೆ ವೇಷ ಬದಲಿಸುತ್ತದೆಂಬುದು ಸಾಕಿ ನೋಡಿದವರಿಗೆ ಮಾತ್ರ ಖಚಿತವಾಗುವ ಸಂಗತಿ.

ಮುಂದೆ ಬಲೆಯ ಕಾಲ ಮುಗಿಯುತ್ತ ಬಂತು. 1957ರಲ್ಲಿ ವಿಂಟರ್-ಬ್ಲೈತ್ ಎಂಬ ಶಾಲಾ ಶಿಕ್ಷಕರು ಬರೆದ ಭಾರತದ ಚಿಟ್ಟೆಗಳ ಪುಸ್ತಕ ಹಲವು ದಶಕಗಳ ಕಾಲ ಹವ್ಯಾಸಿಗಳ ಕೈಪಿಡಿಯಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಲವು ಜಾತಿಯ ಚಿಟ್ಟೆಗಳಿಗೂ ರಕ್ಷಣೆ ನೀಡಿದ್ದರಿಂದ ಮನಬಂದಂತೆ ಹಿಡಿದು ಸಂಗ್ರಹಿಸುವುದು ಅಪರಾಧವಾಯಿತು. ಬಲೆಯ ಜಾಗಕ್ಕೆ ಕ್ಯಾಮೆರಾ ಬಂತು. ಮೊದಮೊದಲು ಅದೂ ದುಬಾರಿಯೇ: ಒಂದು ಫಿಲ್ಮ್ ರೋಲಿನಲ್ಲಿ 36 ಚಿತ್ರ, ತೊಳೆಸಿ ತರುವವರೆಗೆ ಬಂದದ್ದೇನೆಂದು ಗೊತ್ತಿಲ್ಲ. 2000ದಲ್ಲಿ ಕೃಷ್ಣಮೇಘ ಕುಂಟೆಯವರ ದಕ್ಷಿಣ ಭಾರತದ ಚಿಟ್ಟೆಗಳ ಪುಸ್ತಕ ಹೊರಬಂತು. ಹಿಂದೆಯೇ ಡಿಜಿಟಲ್ ಕ್ಯಾಮೆರಾ, ಮೊಬೈಲು ಬಂದು ಹವ್ಯಾಸ ಸಾಮಾನ್ಯರ ಕೈಗೂ ದಕ್ಕಿತು.

ದಕ್ಕಿದ ಹೆಸರುಗಳು ಮಾತ್ರ ಬ್ರಿಟಿಷರ ದರಬಾರಿನವು. ಕಮಾಂಡರ್, ಸಾರ್ಜೆಂಟ್, ಸೈಲರ್, ಬ್ಯಾರನ್, ನವಾಬ್, ರಾಜಾ ಎಂದು ಅಂದಿನ ದಂಡು, ದರ್ಜೆಗಳೆಲ್ಲ ಚಿಟ್ಟೆಗಳ ಮೈಮೇಲೆ ಕುಳಿತಿವೆ. ಕನ್ನಡದ ಜನಬಳಕೆಯಲ್ಲಿ ಚಿಟ್ಟೆ ಎಂದರೆ ಚಿಟ್ಟೆ, ಉತ್ತರಕ್ಕೆ ಹೋದರೆ ಪಾತರಗಿತ್ತಿ. ಜಾತಿಗೊಂದು ಹೆಸರಿಟ್ಟವರು ವಿರಳ. ಗಿಡದ ವಿಷಯದಲ್ಲಿ ಹಾಗಲ್ಲ. ಮಲೆನಾಡಿನ ಹಿರಿಯರಿಗೆ ಬೇಲಿಯ ಪ್ರತಿ ಬಳ್ಳಿಗೂ ಹೆಸರುಂಟು, ಅದರ ಗುಣ ಗೊತ್ತುಂಟು. ಕಾರವಾರದ ಮೂವರು ಹುಡುಕಿದ ಜ್ಞಾನದ ಅರ್ಧಭಾಗ ಇಲ್ಲಿನ ಹಿತ್ತಲಲ್ಲೇ ಇದೆ ಎನ್ನಬಹುದು.

ಈಶ್ವರಿ ಬಳ್ಳಿಯನ್ನೇ ನೋಡಿ. ಹಳ್ಳಿಗಳಲ್ಲಿ ಹಾವಿನ ವಿಷಕ್ಕೆ ಮದ್ದೆಂದು ನಂಬಿಕೊಂಡು ಬಂದ ಬಳ್ಳಿ ಇದು. ಸದರ್ನ್ ಬರ್ಡ್‌ವಿಂಗ್‌ನ ಹುಳು ತಿನ್ನುವುದು ಈ ಬಳ್ಳಿಯನ್ನು ಮತ್ತು ಇದೇ ಕುಟುಂಬದ ಕೆಲವು ಕಾಡುಗಿಡಗಳನ್ನು ಮಾತ್ರ. ಕ್ರಿಮ್ಸನ್ ರೋಸ್, ಕಾಮನ್ ರೋಸ್ ಎಂಬ ಕೆಂಪು ಮೈಯ ಎರಡು ಚಿಟ್ಟೆಗಳ ಹುಳುಗಳಿಗೂ ಇದೇ ಊಟ. ಎಲೆಯಲ್ಲಿರುವ ವಿಷವನ್ನು ಹುಳುಗಳು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತವೆ. ಅದು ಚಿಟ್ಟೆಗೂ ದಾಟುತ್ತದೆ. ಒಮ್ಮೆ ಬಾಯಿ ಹಾಕಿ ಪಾಠ ಕಲಿತ ಹಕ್ಕಿ ಮತ್ತೆ ಅವುಗಳ ತಂಟೆಗೆ ಹೋಗುವುದಿಲ್ಲ. ಅದಕ್ಕೇ ಅವುಗಳ ಹಾರಾಟದಲ್ಲಿ ಅವಸರವಿಲ್ಲ.

ಈ ಧೈರ್ಯದ ಲಾಭ ಪಡೆಯುವ ನಾಲ್ಕನೆಯ ಚಿಟ್ಟೆಯೊಂದಿದೆ. ಅದು ಕಾಮನ್ ಮಾರ್ಮನ್. ಅದರ ಹುಳು ಬೆಳೆಯುವುದು ಹಿತ್ತಲಿನ ಕರಿಬೇವು, ನಿಂಬೆ ಗಿಡಗಳ ಮೇಲೆ. ಮೈಯಲ್ಲಿ ಈಶ್ವರಿ ಬಳ್ಳಿಯ ವಿಷವಿಲ್ಲ. ಆದರೆ ಅದರ ಹೆಣ್ಣುಗಳಲ್ಲಿ ಮೂರು ವೇಷ. ಒಂದು ಗಂಡಿನಂತೆಯೇ ಕಾಣುತ್ತದೆ, ಒಂದು ಕ್ರಿಮ್ಸನ್ ರೋಸ್‌ನಂತೆ, ಮತ್ತೊಂದು ಕಾಮನ್ ರೋಸ್‌ನಂತೆ. ಹಿಂದೆ ಇವನ್ನು ಬೇರೆ ಬೇರೆ ಜಾತಿಗಳೆಂದೇ ಹೆಸರಿಸಿದ್ದುಂಟು. ಈ ವೇಷಗಳ ಹಿಂದೆ ಡಬಲ್‌ಸೆಕ್ಸ್ ಎಂಬ ಒಂದೇ ಜೀನ್ ಕೆಲಸ ಮಾಡುತ್ತದೆಂದು ಕುಂಟೆ ಮತ್ತು ಸಂಗಡಿಗರು 2014ರಲ್ಲಿ ತೋರಿಸಿದರು. ಹವ್ಯಾಸಿಗೆ ಉಪಾಯ ಸರಳ: ರೆಕ್ಕೆಯನ್ನು ಬಿಟ್ಟು ಮೈ ನೋಡಬೇಕು. ಮೈ ಕೆಂಪಾಗಿದ್ದರೆ ಅಸಲಿ ರೋಸ್, ಕಪ್ಪಾಗಿದ್ದರೆ ವೇಷಧಾರಿ ಮಾರ್ಮನ್.

ಈಗ ಬೇಲಿಯ ಆ ಬಳ್ಳಿಯನ್ನು ಕಿತ್ತರೆ ಏನಾಗುತ್ತದೆ? ಮೂರು ಚಿಟ್ಟೆಗಳಿಗೆ ಮೊಟ್ಟೆ ಇಡಲು ಜಾಗವಿಲ್ಲ. ರೋಸ್‌ಗಳು ಇಲ್ಲವಾದ ಕಡೆ ಹಕ್ಕಿಗಳಿಗೆ ಪಾಠ ಕಲಿಸುವವರಿಲ್ಲ. ಮಾರ್ಮನ್‌ನ ವೇಷಕ್ಕೆ ಬೆಲೆಯಿಲ್ಲ. ಕಿತ್ತುಹೋಗಲು ಕಾರಣಗಳೂ ಹಲವು. ಮದ್ದಿಗೆಂದು ಅಗೆಯುವುದು ಬೇರನ್ನು, ಬೇರು ಹೋದರೆ ಬಳ್ಳಿಯೇ ಹೋಯಿತು. ಆ ಬಳ್ಳಿಯಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮನುಷ್ಯರ ಮೂತ್ರಪಿಂಡವನ್ನು ಕೆಡಿಸುತ್ತದೆ, ಕ್ಯಾನ್ಸರಿಗೂ ಕಾರಣವಾಗುತ್ತದೆ ಎಂಬುದು ಇಂದು ವೈದ್ಯಶಾಸ್ತ್ರಕ್ಕೆ ಸ್ಪಷ್ಟ. ಹಾವು ಕಡಿದಾಗ ಓಡಬೇಕಾದದ್ದು ಆಸ್ಪತ್ರೆಗೆ. ಹಸಿರು ಬೇಲಿಯ ಜಾಗದಲ್ಲಿ ತಂತಿ ಬೇಲಿ ಬಂದರೆ, ಅಡಿಕೆ ತೋಟದ ಸೊಪ್ಪಿನ ಬೆಟ್ಟ ಬೋಳಾದರೆ, ಹಲವು ಬಗೆಯ ಮರಗಳಿದ್ದ ಗುಡ್ಡದಲ್ಲಿ ಅಕೇಶಿಯಾ ನೆಡುತೋಪು ಎದ್ದರೆ ಇಂಥ ಬಳ್ಳಿಗಳಿಗೆ ಹಬ್ಬಲು ನೆಲೆಯೇ ಇಲ್ಲ. ಹೂವಿನ ಗಿಡ ನೆಟ್ಟು ಚಿಟ್ಟೆ ಕರೆಯಬಹುದು, ನಿಜ. ಅದು ಬಂದ ನೆಂಟರಿಗೆ ಪಾನಕ ಕೊಟ್ಟಂತೆ; ಸಂಸಾರ ಹೂಡಲು ಎಲೆ ಬೇಕು.

ಹಾಗೆಂದು ಕ್ಯಾಮೆರಾ ಹಿಡಿದವರು ಮಾಡುತ್ತಿರುವುದು ಕಡಿಮೆ ಕೆಲಸವಲ್ಲ. ತಾರೀಖು, ಊರು ಬರೆದಿಟ್ಟ ಒಂದು ಚಿತ್ರ ಮುಂದಿನವರಿಗೆ ದಾಖಲೆಯಾಗುತ್ತದೆ. ರೆಕ್ಕೆಯ ಮೇಲ್ಭಾಗದ ಜೊತೆಗೆ ಅಡಿಭಾಗವನ್ನೂ ಸೆರೆಹಿಡಿದರೆ ಗುರುತು ಸುಲಭ. ಹೆಣ್ಣೊಂದು ಎಲೆಗಳನ್ನು ಮುಟ್ಟಿ ಮುಟ್ಟಿ ಹಾರುತ್ತಿದ್ದರೆ ಅದು ಮೊಟ್ಟೆಗೆ ಜಾಗ ಹುಡುಕುತ್ತಿದೆಯೆಂದು ಅರ್ಥ. ಆಗ ಹತ್ತಿರ ನುಗ್ಗದೆ ದೂರದಿಂದ ನೋಡಿ, ಅದು ಹೋದ ಮೇಲೆ ಆ ಗಿಡದ ಒಂದು ಚಿತ್ರ ತೆಗೆದು, ತೋಟದ ಯಜಮಾನರನ್ನೋ ಸೊಪ್ಪಿಗೆ ಬಂದ ಅಜ್ಜಿಯನ್ನೋ ಅದರ ಹೆಸರು ಕೇಳಿದರೆ ದಾಖಲೆ ಪೂರ್ಣವಾದಂತೆ. ಹುಳುವನ್ನು ಮನೆಗೆ ತರಬೇಕಾಗಿಲ್ಲ; ಅದೇ ಗಿಡದ ಬಳಿ ವಾರ ಬಿಟ್ಟು ಹೋಗಿ ನೋಡಿದರೂ ಸಾಕು.

ನಗರದ ಕೋಟೆಯ ಕಲ್ಲು ಕಿತ್ತರೆ ಕೇಳಲು ಇಲಾಖೆಯಿದೆ, ಕಾನೂನಿದೆ. ಬೇಲಿ ಸವರುವ ಕತ್ತಿಗೆ ಸಿಕ್ಕ ಬಳ್ಳಿಯನ್ನು ಕೇಳುವವರಿಲ್ಲ. ರಾಜ್ಯದ ಚಿಟ್ಟೆಯ ಮುಂದಿನ ತಲೆಮಾರು ಮಾತ್ರ ಅಂಥದೇ ಬಳ್ಳಿಯ ಎಲೆಯ ಅಡಿಯಲ್ಲಿ, ಸಾಸಿವೆಗಿಂತ ತುಸು ದೊಡ್ಡದಾದ ಮೊಟ್ಟೆಯಾಗಿ ಅಂಟಿಕೊಂಡಿರುತ್ತದೆ. ಕತ್ತಿ ಬೀಸುವ ಮೊದಲು ಆ ಎಲೆಯನ್ನೊಮ್ಮೆ ಮಗುಚಿ ನೋಡುವವರು ಊರಿಗೊಬ್ಬರಿದ್ದರೂ ಅದಕ್ಕೆ ಉಳಿಗಾಲವಿದೆ.