ಹಾವು ಕಡಿತ: ತುರ್ತು ಚಿಕಿತ್ಸೆಯಲ್ಲಿ ರೋಗಿಯ ಸುರಕ್ಷತೆ

ಪೀಠಿಕೆ

ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕು ತುಂಗಭದ್ರಾ ಎಡದಂಡೆ ನಾಲೆಯ ನೀರಾವರಿಗೆ ಒಳಪಟ್ಟು, ಭತ್ತವನ್ನು ಪ್ರಧಾನ ಬೆಳೆಯಾಗಿ ಹೊಂದಿರುತ್ತದೆ. ಗದ್ದೆಗಳಲ್ಲಿ ಇಲಿಗಳೂ, ಅವುಗಳನ್ನು ಅರಸಿ ಬರುವ ಹಾವುಗಳೂ ಸಾಮಾನ್ಯ. ಆದ್ದರಿಂದ ಗೊರೇಬಾಳ ಹಾಗೂ ಸುತ್ತಲಿನ ಗ್ರಾಮಗಳಲ್ಲಿ ರಾತ್ರಿ ವೇಳೆ ನೀರು ಹಾಯಿಸುವ ರೈತರು, ನಾಟಿ ಮತ್ತು ಕೊಯ್ಲಿನ ಕೂಲಿಕಾರರು ಹಾಗೂ ನೆಲದ ಮೇಲೆ ಮಲಗುವವರು ಹೆಚ್ಚಿನ ಎಚ್ಚರಿಕೆ ವಹಿಸುವುದು ಅಗತ್ಯ. ಕರ್ನಾಟಕ ಸರ್ಕಾರವು 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆ ಎಂದು ಘೋಷಿಸಿದ್ದು, ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳೆರಡೂ ಪ್ರಕರಣಗಳನ್ನು ವರದಿ ಮಾಡಬೇಕಾಗಿರುತ್ತದೆ.

ಆಸ್ಪತ್ರೆ ತಲುಪುವ ಮುನ್ನ

1. ಗಾಯವನ್ನು ಕೊಯ್ಯುವುದು, ಹೀರುವುದು, ಬಿಗಿಯಾಗಿ ಹಗ್ಗ ಕಟ್ಟುವುದು ಸಲ್ಲದು. ಈಗಾಗಲೇ ಬಿಗಿಯಾಗಿ ಕಟ್ಟಿದ್ದಲ್ಲಿ, ಅದನ್ನು ವೈದ್ಯರ ಸಮ್ಮುಖದಲ್ಲಿಯೇ ಬಿಚ್ಚತಕ್ಕದ್ದು. ಹಠಾತ್ತನೆ ಬಿಚ್ಚಿದರೆ ವಿಷವು ಒಮ್ಮೆಗೇ ದೇಹಕ್ಕೆ ಹರಡುವ ಸಂಭವವಿರುತ್ತದೆ.

2. ಉಂಗುರ, ಬಳೆ, ಕಾಲುಂಗುರಗಳನ್ನು ತೆಗೆದು, ಕಡಿತಕ್ಕೊಳಗಾದ ಕೈ ಅಥವಾ ಕಾಲು ಅಲುಗದಂತೆ ದಬ್ಬೆ ಕಟ್ಟತಕ್ಕದ್ದು. ರೋಗಿಯನ್ನು ನಡೆಸಬಾರದು.

3. ಮಂತ್ರ, ನಾಟಿ ಔಷಧಿಗಳಲ್ಲಿ ಕಾಲ ಕಳೆಯದೆ 108ಕ್ಕೆ ಕರೆ ಮಾಡತಕ್ಕದ್ದು. ಹಾವನ್ನು ಹಿಡಿದು ತರುವ ಅಗತ್ಯವಿಲ್ಲ.

4. ಕಟ್ಟುಹಾವಿನ ಕಡಿತದಲ್ಲಿ ನೋವಾಗಲಿ, ಬಾವಾಗಲಿ ಕಾಣದಿರಬಹುದು. ನೆಲದ ಮೇಲೆ ಮಲಗಿದ್ದವರಿಗೆ ಬೆಳಗಿನ ಜಾವ ಹೊಟ್ಟೆನೋವು ಬಂದು, ರೆಪ್ಪೆಗಳು ಜೋತುಬಿದ್ದರೆ ಹಾವು ಕಡಿತವೆಂದು ಶಂಕಿಸಿ ಕೂಡಲೇ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.

ಆಸ್ಪತ್ರೆಯಲ್ಲಿ

ಸುಮಾರು 2 ಮಿ.ಲೀ. ರಕ್ತವನ್ನು ಸ್ವಚ್ಛವಾದ ಒಣ ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಾಡಿಸದೆ ಇಟ್ಟು ಪರೀಕ್ಷಿಸಲಾಗುತ್ತದೆ. ರಕ್ತ ಹೆಪ್ಪುಗಟ್ಟದಿದ್ದರೆ ಮಂಡಲದ ಹಾವಿನ ವಿಷವೇರಿರುವ ಸೂಚನೆಯಾಗಿರುತ್ತದೆ. ಹೆಪ್ಪುಗಟ್ಟಿದ ಮಾತ್ರಕ್ಕೆ ನಾಗರಹಾವು ಅಥವಾ ಕಟ್ಟುಹಾವಿನ ವಿಷವಿಲ್ಲವೆಂದು ತಿಳಿಯುವಂತಿಲ್ಲ.

ವಿಷವೇರಿದ ಲಕ್ಷಣಗಳಿದ್ದಲ್ಲಿ ಹಾವಿನ ವಿಷನಿರೋಧಕ ಚುಚ್ಚುಮದ್ದನ್ನು ನೀಡಲಾಗುತ್ತದೆ. ಮಕ್ಕಳಿಗೂ ವಯಸ್ಕರಷ್ಟೇ ಪ್ರಮಾಣ ಅಗತ್ಯ. ಏಕೆಂದರೆ ಹಾವು ಇಬ್ಬರಿಗೂ ಒಂದೇ ಪ್ರಮಾಣದ ವಿಷ ಸೇರಿಸಬಲ್ಲದು. ಈ ಔಷಧಿಯಿಂದ ತೀವ್ರ ಅಲರ್ಜಿ ಉಂಟಾಗಬಹುದಾದ್ದರಿಂದ, ನೀಡುವ ಮೊದಲೇ ಅಡ್ರಿನಲಿನ್ ಅನ್ನು ಸಿರಿಂಜಿನಲ್ಲಿ ಸಿದ್ಧವಾಗಿಟ್ಟುಕೊಂಡು, ರೋಗಿಯ ಬಳಿ ಸಿಬ್ಬಂದಿ ಇರತಕ್ಕದ್ದು. ಅಲರ್ಜಿಯ ಭಯದಿಂದ ಚುಚ್ಚುಮದ್ದನ್ನೇ ತಡೆಹಿಡಿಯುವುದು ರೋಗಿಯ ಪ್ರಾಣಕ್ಕೆ ಅಪಾಯಕಾರಿ.

ಬೇರೆ ಆಸ್ಪತ್ರೆಗೆ ಕಳುಹಿಸುವಾಗ

ಸಿಂಧನೂರಿನಿಂದ ಜಿಲ್ಲಾ ಕೇಂದ್ರವಾದ ರಾಯಚೂರಿಗೆ 80 ಕಿ.ಮೀ.ಗೂ ಅಧಿಕ ದೂರವಿರುತ್ತದೆ. ವಿಷವೇರಿದ ರೋಗಿಯನ್ನು ಚುಚ್ಚುಮದ್ದಿಲ್ಲದೆ ಇಷ್ಟು ದೂರ ಕಳುಹಿಸಿದರೆ ಅಮೂಲ್ಯ ಕಾಲವು ದಾರಿಯಲ್ಲಿಯೇ ವ್ಯಯವಾಗುತ್ತದೆ. ಆದ್ದರಿಂದ ಔಷಧಿ ಲಭ್ಯವಿರುವೆಡೆ ಮೊದಲ ಪ್ರಮಾಣವನ್ನು ನೀಡಿಯೇ ಕಳುಹಿಸತಕ್ಕದ್ದು. ಕಡಿತದ ಸಮಯ, ನೀಡಿದ ಔಷಧಿಯ ಪ್ರಮಾಣ, ರಕ್ತ ಪರೀಕ್ಷೆಯ ಫಲಿತಾಂಶಗಳನ್ನು ಚೀಟಿಯಲ್ಲಿ ನಮೂದಿಸತಕ್ಕದ್ದು. ಉಸಿರಾಟಕ್ಕೆ ತೊಂದರೆಯಾದಲ್ಲಿ ನೆರವಾಗಬಲ್ಲ ಸಿಬ್ಬಂದಿ ಜೊತೆಗಿರತಕ್ಕದ್ದು.

ಮುನ್ನೆಚ್ಚರಿಕೆ

ರಾತ್ರಿ ಗದ್ದೆಗೆ ಹೋಗುವವರು ಬ್ಯಾಟರಿ ದೀಪ ಮತ್ತು ಬೂಟುಗಳನ್ನು ಬಳಸುವುದು, ಮನೆಯಲ್ಲಿ ಮಂಚದ ಮೇಲೆ ಸೊಳ್ಳೆಪರದೆಯೊಳಗೆ ಮಲಗುವುದು ಸೂಕ್ತ. ಸರ್ಕಾರಿ ಆಸ್ಪತ್ರೆಗಳಲ್ಲಿ ವಿಷನಿರೋಧಕ ಚುಚ್ಚುಮದ್ದನ್ನು ಉಚಿತವಾಗಿ ನೀಡಲಾಗುತ್ತಿದ್ದು, ಸಾರ್ವಜನಿಕರು ಇದರ ಪ್ರಯೋಜನ ಪಡೆಯಬಹುದಾಗಿದೆ.