ನಷ್ಟ ಯಾರ ತಲೆಗೆ? ಚಿಪ್ ಕಾರ್ಡಿನ ಇತಿಹಾಸದಲ್ಲಿ ಹೊಣೆಯ ಪ್ರಶ್ನೆ

ಚಿಪ್ ಕಾರ್ಡಿನ ಚರಿತ್ರೆಯನ್ನು ಸಾಮಾನ್ಯವಾಗಿ ಆವಿಷ್ಕಾರಕರ ಹೆಸರುಗಳಿಂದ ಶುರುಮಾಡುತ್ತಾರೆ. ಜರ್ಮನಿಯ ಯೂರ್ಗನ್ ಡೆಟ್ಲೋಫ್ ಮತ್ತು ಹೆಲ್ಮುಟ್ ಗ್ರೋಟ್ರುಪ್ 1960ರ ದಶಕದ ಕೊನೆಯಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ಫ್ರಾನ್ಸಿನ ರೋಲಾಂ ಮೊರೆನೊ 1974ರಲ್ಲಿ ತಮ್ಮದನ್ನು ಸಲ್ಲಿಸಿದರು. ಕಾರ್ಡಿನೊಳಗೆ ಮೈಕ್ರೊಪ್ರೊಸೆಸರನ್ನೇ ಕೂರಿಸುವ ವಿಧಾನವನ್ನು ಮಿಶೆಲ್ ಉಗೋಂ 1977ರ ಹೊತ್ತಿಗೆ ರೂಪಿಸಿದರು. ಆದರೆ ಅಮೆರಿಕದ ಅಂಗಡಿಗಳು ಚಿಪ್ ಯಂತ್ರದತ್ತ ಒಟ್ಟಾಗಿ ಹೊರಳಿದ್ದು 2015ರ ಸುಮಾರಿಗೆ. ಕೈಯಲ್ಲಿದ್ದ ತಂತ್ರಜ್ಞಾನ ನಲವತ್ತು ವರ್ಷ ಕಾದದ್ದೇಕೆ? ನಕಲಿ ಕಾರ್ಡಿನಿಂದಾದ ನಷ್ಟವನ್ನು ಯಾರು ತುಂಬಿಕೊಡಬೇಕು ಎಂಬ ನಿಯಮ ಬದಲಾದಾಗಲೆಲ್ಲ ಚಿಪ್ ಮುಂದೆ ಸಾಗಿದೆ, ಬದಲಾಗದಿದ್ದಲ್ಲಿ ನಿಂತಿದೆ ಎಂಬುದು ಈ ಲೇಖನದ ವಾದ.

ಕಾರ್ಡಿನ ಬೆನ್ನಿಗಿರುವ ಕಪ್ಪು ಪಟ್ಟಿಯನ್ನು ಮೊದಲು ನೋಡೋಣ. ಅದರ ಎರಡನೆಯ ಟ್ರ್ಯಾಕಿನಲ್ಲಿ ಹಿಡಿಸುವುದು ಹೆಚ್ಚೆಂದರೆ 40 ಅಕ್ಷರ: ಕಾರ್ಡ್ ಸಂಖ್ಯೆ, ಅವಧಿ ಮುಗಿಯುವ ತಿಂಗಳು, ಮೂರಂಕಿಯ ಸೇವಾ ಸಂಕೇತ, ತಾಳೆ ನೋಡಲು ಒಂದಷ್ಟು ಅಂಕಿಗಳು. ಇವು ಯಾವತ್ತೂ ಬದಲಾಗುವುದಿಲ್ಲ. ಹೋಟೆಲಿನ ಗಲ್ಲಾದ ಹಿಂದೆ ಒಮ್ಮೆ ಕದ್ದು ಉಜ್ಜಿಕೊಂಡರೆ ಸಾಕು, ಖಾಲಿ ಪ್ಲಾಸ್ಟಿಕ್ಕಿನ ಮೇಲೆ ಅದೇ ಪಟ್ಟಿ ಮರುಹುಟ್ಟು ಪಡೆಯುತ್ತದೆ. ಚಿಪ್ಪಿನ ರೀತಿಯೇ ಬೇರೆ. ಅದರೊಳಗಿನ ಗುಪ್ತ ಕೀಲಿ ಎಂದೂ ಹೊರಗೆ ಬರುವುದಿಲ್ಲ. ಬಿಲ್ಲಿನ ಮೊತ್ತ, ದಿನಾಂಕ, ಯಂತ್ರ ಕೊಟ್ಟ ಯಾದೃಚ್ಛಿಕ ಸಂಖ್ಯೆ, ಪ್ರತಿ ವ್ಯವಹಾರಕ್ಕೂ ಒಂದೊಂದಾಗಿ ಏರುವ ಎಣಿಕೆ ಇವೆಲ್ಲವನ್ನೂ ಆ ಕೀಲಿಯಿಂದ ಮಥಿಸಿ ಒಂದು ಸಂಕೇತ ತಯಾರಿಸುತ್ತದೆ. ಬ್ಯಾಂಕು ತನ್ನಲ್ಲಿರುವ ಕೀಲಿಯಿಂದ ಅದನ್ನು ತಾಳೆ ನೋಡುತ್ತದೆ. ಒಮ್ಮೆ ಬಳಸಿದ ಸಂಕೇತ ಮುಂದಿನ ವ್ಯವಹಾರಕ್ಕೆ ಸಲ್ಲದು.

ಫ್ರಾನ್ಸಿನ ಬ್ಯಾಂಕುಗಳು ಎಲ್ಲರಿಗಿಂತ ಮೊದಲು ಮನಸ್ಸು ಮಾಡಿದವು. ಬ್ಲ್ವಾ, ಕಾಂ, ಲಿಯೋಂ ನಗರಗಳಲ್ಲಿ 1980ರ ದಶಕದ ಆರಂಭದಲ್ಲಿ ಪ್ರಯೋಗ ನಡೆಯಿತು. 1992ರ ಕೊನೆಗೆ ಅಲ್ಲಿನ ಬ್ಯಾಂಕ್ ಕಾರ್ಡುಗಳಿಗೆಲ್ಲ ಚಿಪ್ ಬಂದಿತ್ತು. ಪ್ರತಿ ಸಣ್ಣ ಬಿಲ್ಲಿಗೂ ಫೋನ್ ಮಾಡಿ ಬ್ಯಾಂಕನ್ನು ಕೇಳುವುದು ಅಲ್ಲಿ ದುಬಾರಿ. ಕಾರ್ಡಿನ ಚಿಪ್ಪೇ ಅಂಗಡಿಯಲ್ಲಿ ಪಿನ್ ತಾಳೆ ನೋಡುವಂತಿದ್ದರೆ ಆ ಖರ್ಚು ಉಳಿಯುತ್ತಿತ್ತು. ಅಮೆರಿಕದಲ್ಲಿ ಫೋನ್ ಅಗ್ಗ. ಪ್ರತಿ ವ್ಯವಹಾರವನ್ನೂ ಬ್ಯಾಂಕಿಗೆ ಕೇಳಿಯೇ ಒಪ್ಪಿಸಬಹುದಿತ್ತು, ತಪ್ಪಿಸಿಕೊಂಡ ವಂಚನೆಯ ನಷ್ಟವನ್ನು ಲಾಭದಲ್ಲಿ ಕಳೆದುಕೊಳ್ಳಬಹುದಿತ್ತು.

ಯೂರೋಪೇ, ಮಾಸ್ಟರ್‌ಕಾರ್ಡ್, ವೀಸಾ ಮೂರೂ ಸೇರಿ ರೂಪಿಸಿದ ಇಎಂವಿ ಮಾನದಂಡ 1996ರಲ್ಲಿ ಹೊರಬಂತು. ಆದರೆ ಮಾನದಂಡ ಇದ್ದ ಮಾತ್ರಕ್ಕೆ ಅಂಗಡಿಯವನು ಹೊಸ ಯಂತ್ರ ಕೊಳ್ಳುವುದಿಲ್ಲ. ಬ್ರಿಟನ್ನಿನಲ್ಲಿ 2005ರ ಜನವರಿ 1ರಿಂದ ಹೊಸ ನಿಯಮ ಬಂತು: ಚಿಪ್ ಓದುವ ಯಂತ್ರ ಇಲ್ಲದ ಅಂಗಡಿಯಲ್ಲಿ ವಂಚನೆ ನಡೆದರೆ ನಷ್ಟ ಅಂಗಡಿಯ ಕಡೆಯವರದೇ. ಮರುವರ್ಷದ ಫೆಬ್ರವರಿ 14ರ ಹೊತ್ತಿಗೆ ಸಹಿ ಹಾಕುವ ಬದಲು ಪಿನ್ ಒತ್ತುವುದೇ ರೂಢಿಯಾಗಿತ್ತು. ಅಮೆರಿಕ ಅಲುಗಿದ್ದು 2013ರ ಕೊನೆಯಲ್ಲಿ ಟಾರ್ಗೆಟ್ ಮಳಿಗೆಗಳಿಂದ ಸುಮಾರು 4 ಕೋಟಿ ಕಾರ್ಡುಗಳ ವಿವರ ಕಳುವಾದ ಮೇಲೆ. 2015ರ ಅಕ್ಟೋಬರ್ 1ರಂದು ಅಲ್ಲಿಯೂ ಹೊಣೆ ಕೈಬದಲಾಯಿತು. ಪೆಟ್ರೋಲ್ ಬಂಕುಗಳಿಗೆ ಮಾತ್ರ 2021ರ ಏಪ್ರಿಲ್‌ವರೆಗೂ ವಿನಾಯಿತಿ ಮುಂದುವರಿಯಿತು.

ಬ್ರಿಟನ್ನಿನ ಅನುಭವ ಇನ್ನೊಂದು ಪಾಠವನ್ನೂ ಹೇಳುತ್ತದೆ. 2004ರಿಂದ 2008ರ ನಡುವೆ ಕಾರ್ಡು ಎದುರಿಗಿಲ್ಲದೆ, ಅಂದರೆ ಫೋನು, ಇಂಟರ್ನೆಟ್ಟಿನ ಮೂಲಕ ನಡೆದ ವಂಚನೆ ಸುಮಾರು 15 ಕೋಟಿ ಪೌಂಡಿನಿಂದ 32 ಕೋಟಿ ದಾಟಿತು. ಮುಂಬಾಗಿಲಿಗೆ ಬೀಗ ಬಿದ್ದಿತ್ತು, ಹಿತ್ತಿಲ ಬಾಗಿಲು ತೆರೆದೇ ಇತ್ತು. ಇಲ್ಲಿ ಭಾರತದ ಕ್ರಮ ತಿರುವುಮುರುವಾದದ್ದು, ನನ್ನ ದೃಷ್ಟಿಯಲ್ಲಿ ವಿವೇಕದ್ದು. ಆನ್‌ಲೈನ್ ಪಾವತಿಗೆ ಎರಡನೆಯ ಹಂತದ ದೃಢೀಕರಣವನ್ನು ರಿಸರ್ವ್ ಬ್ಯಾಂಕು 2009ರ ಆಗಸ್ಟ್ 1ರಿಂದಲೇ ಕಡ್ಡಾಯ ಮಾಡಿತ್ತು. ಚಿಪ್ ಆಮೇಲೆ ಬಂತು. ಹಳೆಯ ಪಟ್ಟಿ ಕಾರ್ಡುಗಳನ್ನೆಲ್ಲ ಬದಲಿಸಲು ಕೊಟ್ಟ ಗಡುವು 2018ರ ಡಿಸೆಂಬರ್ 31.

ಆ ನಡುವಿನ ಅವಧಿಯಲ್ಲಿ ಪಟ್ಟಿಯ ಬೆಲೆ ತೆರಬೇಕಾಯಿತು. 2016ರಲ್ಲಿ ಎಟಿಎಂ ಜಾಲವೊಂದಕ್ಕೆ ಕುತಂತ್ರಾಂಶ ಹೊಕ್ಕ ಸುದ್ದಿ ಹೊರಬಿದ್ದಾಗ ಅಪಾಯಕ್ಕೆ ಸಿಲುಕಿದ ಡೆಬಿಟ್ ಕಾರ್ಡುಗಳು ಸುಮಾರು 32 ಲಕ್ಷ. ಕದ್ದ ವಿವರಗಳನ್ನು ಹೆಚ್ಚಾಗಿ ಬಳಸಿದ್ದು ಚೀನಾ, ಅಮೆರಿಕಗಳಲ್ಲಿ. ಗಡಿಯಾಚೆ ಎಲ್ಲೋ ಒಂದು ಯಂತ್ರ ಪಟ್ಟಿಯನ್ನು ಒಪ್ಪುವವರೆಗೆ ಇಲ್ಲಿನ ಕಾರ್ಡಿಗೆ ಕ್ಷೇಮವಿಲ್ಲ. ಮಾಸ್ಟರ್‌ಕಾರ್ಡ್ ತನ್ನ ಕಾರ್ಡುಗಳಿಂದ ಪಟ್ಟಿಯನ್ನು ಪೂರ್ತಿ ತೆಗೆಯಲು ಇಟ್ಟುಕೊಂಡಿರುವ ವರ್ಷ 2033.

ಹೊಣೆಯ ಚರ್ಚೆಯಲ್ಲಿ ಬಹುಕಾಲ ಕಾಣದೇ ಉಳಿದವನು ಗ್ರಾಹಕ. ಬ್ಯಾಂಕಿಗೂ ಅಂಗಡಿಗೂ ನಡುವೆ ನಷ್ಟ ಹಂಚಿಕೆಯಾಗುತ್ತಿದ್ದಾಗ, ಪಿನ್ ಒತ್ತಿದ ದಾಖಲೆ ತೋರಿಸಿ ಬ್ರಿಟನ್ನಿನ ಬ್ಯಾಂಕುಗಳು ಗ್ರಾಹಕರ ದೂರನ್ನು ತಳ್ಳಿಹಾಕಿದ ಪ್ರಸಂಗಗಳುಂಟು. 2010ರಲ್ಲಿ ಕೇಂಬ್ರಿಡ್ಜಿನ ಸ್ಟೀವನ್ ಮರ್ಡಾಕ್, ರಾಸ್ ಆಂಡರ್ಸನ್ ಮತ್ತು ಸಂಗಡಿಗರು ಆ ವಾದದ ಬುಡವನ್ನೇ ಅಲ್ಲಾಡಿಸಿದರು. ಕದ್ದ ಕಾರ್ಡಿಗೂ ಯಂತ್ರಕ್ಕೂ ನಡುವೆ ಒಂದು ಸಣ್ಣ ಸರ್ಕ್ಯೂಟ್ ಇಟ್ಟು, ಪಿನ್ ಸರಿಯಿದೆ ಎಂದು ಯಂತ್ರಕ್ಕೂ ಸಹಿಯಿಂದ ಕೆಲಸ ನಡೆಯಿತೆಂದು ಕಾರ್ಡಿಗೂ ನಂಬಿಸಿದರು. ಯಾವ ನಾಲ್ಕಂಕಿ ಒತ್ತಿದರೂ ಪಾವತಿ ಆಯಿತು, ರಸೀದಿಯ ಮೇಲೆ ಪಿನ್ ದೃಢಪಟ್ಟಿದೆ ಎಂದೇ ಬಂತು. ಮುಂದೆ ಫ್ರಾನ್ಸಿನಲ್ಲಿ ಕದ್ದ ಕಾರ್ಡುಗಳ ಮೇಲೆ ಇದೇ ತಂತ್ರವನ್ನು ಕಳ್ಳರು ಬಳಸಿದ್ದು ಪತ್ತೆಯಾಯಿತು. ತಂತ್ರಜ್ಞಾನ ಗಟ್ಟಿಯಾದಷ್ಟೂ ಮೋಸಹೋದವನ ಮಾತಿಗೆ ಬೆಲೆ ಕಡಿಮೆಯಾಗುವ ಈ ಅಪಾಯವನ್ನು ಚಿಪ್ಪಿನ ಇತಿಹಾಸಕಾರರು ಅಡಿಟಿಪ್ಪಣಿಗೆ ತಳ್ಳಬಾರದು.

ನಮ್ಮಲ್ಲಿ 2017ರ ಜುಲೈ 6ರ ರಿಸರ್ವ್ ಬ್ಯಾಂಕ್ ಸುತ್ತೋಲೆ ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡಿತು. ಮೂರನೆಯವರ ಕೈವಾಡದಿಂದ ನಡೆದ ವಂಚನೆಯನ್ನು ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕನಿಗೆ ನಷ್ಟದ ಹೊರೆ ಇಲ್ಲ ಎಂದಿತು. ಗ್ರಾಹಕನದೇ ತಪ್ಪು ಎಂದು ಸಾಬೀತು ಮಾಡುವ ಭಾರವನ್ನು ಬ್ಯಾಂಕಿನ ಮೇಲಿಟ್ಟಿತು.