ಸಿಂಪ್ಯೂಟರಿನ ಪುಟ್ಟ ಪರದೆ

ಗೊಟ್ಟಿಗೆರೆಯ ನಮ್ಮ ಬೀದಿಯ ಮಕ್ಕಳು ಮೊಬೈಲನ್ನು ಓರೆಯಾಗಿಸಿ ಆಡುವಾಗ ನನಗೆ ನೆನಪಾಗುವುದು ಬೆಂಗಳೂರಿನದೇ ಆದ ಸಿಂಪ್ಯೂಟರ್. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರು ಎನ್‌ಕೋರ್ ಕಂಪನಿಯ ಎಂಜಿನಿಯರುಗಳೊಡನೆ ಸೇರಿ ರೂಪಿಸಿದ ಈ ಅಂಗೈ ಗಣಕವು 2001ರಲ್ಲಿ ಜನರೆದುರಿಗೆ ಬಂದಿತು.

ಓದುಬರಹ ಬಾರದವರಿಗೂ ಒದಗಬೇಕೆಂಬ ಹಂಬಲದ ಈ ಯಂತ್ರಕ್ಕೆ ಕೀಲಿಮಣೆಯಿರಲಿಲ್ಲ. ಪರದೆಯೋ 320 ಚುಕ್ಕೆ ಉದ್ದ, 240 ಚುಕ್ಕೆ ಅಗಲ, ಅಷ್ಟೇ! ಚಿತ್ರ, ಗುಂಡಿ, ಬರಹ ಎಲ್ಲವೂ ಅದರೊಳಗೇ ಕೂರಬೇಕು. ಒತ್ತಕ್ಷರ ಕೆಳಗಿಳಿಯುವ ನಮ್ಮ ಲಿಪಿಗೆ ಸಾಲಿನ ಎತ್ತರವೂ ಹೆಚ್ಚು ಬೇಕು ('ಸ್ತ್ರೀ' ಎಂದು ಬರೆದು ನೋಡಿ). ಇಂಥ ಪುಟಗಳನ್ನು ಬರೆಯಲೆಂದೇ ಐಎಂಎಲ್ ಎಂಬ ಗುರುತುಭಾಷೆ ಹುಟ್ಟಿತು.

ಕಡ್ಡಿಯ ತುದಿ ಪರದೆಗೆ ತಗುಲಿದರೆ ಗಣಕದ ಪಾಲಿಗೆ ಅದೊಂದು 'ಘಟನೆ'. ತಗುಲಿದ ಚುಕ್ಕೆ ಯಾವ ಗುಂಡಿಯ ಎಲ್ಲೆಯೊಳಗಿದೆಯೆಂದು ನೋಡಿ ಅದು ಉತ್ತರಿಸುತ್ತದೆ. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ಅಮಿಡಾ ಸಿಂಪ್ಯೂಟರಿನಲ್ಲಿ ಕೈಯ ಅಲುಗಾಟವೂ ಘಟನೆಯಾಯಿತು. ಮಣಿಕಟ್ಟು ತಿರುವಿದರೆ ಪುಟ ಮಗುಚುತ್ತಿತ್ತು.

ಐಫೋನು ಬಂದದ್ದು 2007ರಲ್ಲಿ. ಅಷ್ಟರಲ್ಲಿ ಸಿಂಪ್ಯೂಟರಿನ ಸದ್ದಡಗಿತ್ತು. ಬೆಲೆ ಹಳ್ಳಿಗರಿಗೆ ಎಟುಕಲಿಲ್ಲ. ಸರ್ಕಾರದ ದೊಡ್ಡ ಖರೀದಿಯೂ ಬರಲಿಲ್ಲ.